ಕಾಲಿಗೆ ಪ್ಲಾಸ್ಟರ್, ಕೈಯಲ್ಲಿ ಟಿಕೆಟ್

ಡಿಸೆಂಬರ್ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಶಾಲೆಗಳಲ್ಲಿ ಪ್ರವಾಸದ ಪಟ್ಟಿ ಸಿದ್ಧವಾಗುತ್ತದೆ. ಮಕ್ಕಳು ದುಡ್ಡು ಕಟ್ಟುತ್ತಾರೆ. ಮನೆಗಳಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣೆ ಹಾಕಿದ ಚುರುಮುರಿ ಕಟ್ಟುವ ತಯಾರಿ ನಡೆಯುತ್ತದೆ. ಮುಂಗಾರಿನ ಭತ್ತ ಮಾರಿ ಕೈಯಲ್ಲಿ ಒಂದಿಷ್ಟು ಕಾಸು ಆಡುತ್ತಿರುವ ಕುಟುಂಬಗಳೂ ಇದೇ ಹೊತ್ತಿಗೆ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೋ ವಂಡರ್‌ಲಾಗೋ ಗಾಡಿ ಗೊತ್ತು ಮಾಡುತ್ತವೆ. ಎಲುಬು-ಕೀಲು ವೈದ್ಯರ ಮುಂದೆ ಆಗ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: "ಕಾಲಿಗೆ ಪ್ಲಾಸ್ಟರ್ ಐತ್ರಿ, ಟಿಕೆಟ್ ತೆಗಸಿ ಆಗೇತಿ. ಹೋಗಬಹುದೇನ್ರಿ?"

ಬಹಳಷ್ಟು ಸಲ ಇದಕ್ಕೆ ಉತ್ತರ, ಹೋಗಬಹುದು. ಆದರೆ ಕೇಳುವವರ ಮನಸ್ಸಿನಲ್ಲಿರುವ ಅಂಜಿಕೆ ಒಂದು, ಅಲ್ಲಿ ನಿಜವಾಗಿ ಎದುರಾಗುವ ತೊಂದರೆ ಇನ್ನೊಂದು. ದೊಡ್ಡ ಜೋಕಾಲಿ, ರೋಲರ್ ಕೋಸ್ಟರ್ ತಪ್ಪಿಹೋದೀತೆಂದು ಮಕ್ಕಳು ಮರುಗುತ್ತಾರೆ. ದೊಡ್ಡವರೂ ಅದನ್ನೇ ದೊಡ್ಡ ನಷ್ಟವೆಂದು ತಿಳಿಯುತ್ತಾರೆ. ದಿನದ ಕೊನೆಗೆ ಜೀವ ಹಣ್ಣು ಮಾಡುವುದು ಮಾತ್ರ ನೆಲ: ನಡೆಯಬೇಕಾದ ದೂರ, ನಿಲ್ಲಬೇಕಾದ ಸರದಿ, ಬಸ್ಸಿನ ಮೆಟ್ಟಿಲು, ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ. ಒಂದು ಆಟ ಐದು ನಿಮಿಷದಲ್ಲಿ ಮುಗಿಯುತ್ತದೆ. ನೆಲದ ಜೊತೆಗಿನ ಸೆಣಸಾಟ ಬೆಳಗಿನಿಂದ ಸಂಜೆಯವರೆಗೆ ಇರುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ಕಾಲಿಗೆ ಪೆಟ್ಟಾಗುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಯ ಬದುವಿನ ಮೇಲೆ ಕಾಲು ಜಾರುತ್ತದೆ, ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಹಿಮ್ಮಡಿ ಹೊರಳುತ್ತದೆ, ರಾತ್ರಿ ಹೊತ್ತು ರಸ್ತೆ ಗುಂಡಿಗೆ ಬೈಕು ಬೀಳುತ್ತದೆ. ಬರೀ ಉಳುಕಾದರೆ ಎರಡು ಮೂರು ವಾರದಲ್ಲಿ ನಡಿಗೆ ಸುಮಾರಾಗಿ ಕುದುರುತ್ತದೆ. ನರ-ಕಟ್ಟು ಹರಿದಿದ್ದರೆ ಇನ್ನೂ ಹೆಚ್ಚು ದಿನ ಬೇಕು. ಪಾದದ ಅಥವಾ ಗಿಣ್ಣಿನ ಎಲುಬು ಬಿರುಕು ಬಿಟ್ಟಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ. ಮೊಣಕಾಲಿನ ಕೆಳಗಿನ ದಪ್ಪ ಎಲುಬು ಮುರಿದಿದ್ದರೆ ಮೂರು ನಾಲ್ಕು ತಿಂಗಳು. ಟಿಕೆಟ್ಟಿನ ಮೇಲಿನ ತಾರೀಖನ್ನು ಮೊದಲು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಪೆಟ್ಟಾದ ಮೊದಲ ಕೆಲವು ದಿನಗಳಲ್ಲಿ ಬಾವು ಏರುತ್ತಿರುತ್ತದೆ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮಲಗಬೇಕಾದ ಹೊತ್ತು ಅದು. ಆಗ ಪ್ರಯಾಣ ಮುಂದೂಡುವುದೇ ಸರಿ. ಮೂರು ನಾಲ್ಕು ವಾರ ಕಳೆದು, ಬಾವು ಇಳಿದು, ವೈದ್ಯರು ಪ್ಲಾಸ್ಟರ್ ನೋಡಿ ಸರಿಯಿದೆ ಎಂದಿದ್ದರೆ ಮಾತು ಬೇರೆ.

ವೈದ್ಯರನ್ನು ಕೇಳುವಾಗ "ಹೋಗಬಹುದಾ" ಎನ್ನುವುದಕ್ಕಿಂತ "ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು" ಎಂದು ಕೇಳಿದರೆ ಹೆಚ್ಚು ಉಪಯೋಗ. ಸ್ವಲ್ಪವೂ ಭಾರ ಹಾಕಬಾರದು, ಬೆರಳು ತಾಗಿಸಬಹುದು, ಅರ್ಧ ಭಾರ ಹಾಕಬಹುದು, ಪೂರ್ತಿ ಊರಬಹುದು ಎಂದು ಅದರಲ್ಲಿ ಹಂತಗಳಿವೆ. ಮೊದಲ ಹಂತದಲ್ಲಿರುವವರಿಗೆ ದಿನವಿಡೀ ಊರುಗೋಲಿನ ಮೇಲೆ ಪಾರ್ಕು ಸುತ್ತುವುದು ಆಗದ ಮಾತು, ಗಾಲಿಕುರ್ಚಿ ಬೇಕೇ ಬೇಕು. ಮನೆಯಲ್ಲಿ ಬಚ್ಚಲಿನವರೆಗೆ ಊರುಗೋಲಿನಲ್ಲಿ ಸಲೀಸಾಗಿ ಓಡಾಡುವವರು ಪಾರ್ಕಿನಲ್ಲೂ ಹಾಗೇ ಓಡಾಡಬಲ್ಲೆವೆಂದು ನಂಬಿ ಹೊರಡುತ್ತಾರೆ. ಅರ್ಧ ದಾರಿಗೇ ಅಂಗೈ ಬೊಬ್ಬೆ ಬಂದಿರುತ್ತದೆ. ಕೈ ಸೋತಾಗ ಕಂಕುಳನ್ನು ಕೋಲಿನ ಮೇಲೆ ಹೇರಿ ನೇತಾಡುವುದು ಇನ್ನೂ ಕೆಟ್ಟದ್ದು. ಅಲ್ಲಿ ನರ ಒತ್ತಿಕೊಂಡರೆ ಕೈಬೆರಳು ಜೋಮು ಹಿಡಿಯುತ್ತವೆ, ಮಣಿಕಟ್ಟಿನ ಶಕ್ತಿಯೇ ಕುಂದಬಹುದು. ಕೋಲಿನ ಮೇಲಿನ ದಿಂಬು ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಭಾರವೆಲ್ಲ ಅಂಗೈ ಮೇಲೆ ಬೀಳಬೇಕು. ಬಾಡಿಗೆಗೆ ತಂದ ಕೋಲಾದರೆ ಬುಡದ ರಬ್ಬರ್ ಸವೆದಿದೆಯೇ ಎಂದು ತಿರುಗಿಸಿ ನೋಡುವುದನ್ನು ಮರೆಯಬಾರದು.

ಇನ್ನು ದಾರಿ. ಸಿಂಧನೂರಿನಿಂದ ಮಾನ್ವಿ, ರಾಯಚೂರು ಹಾದು ಹೈದರಾಬಾದಿಗೆ ಹೆಚ್ಚುಕಡಿಮೆ 300 ಕಿಲೋಮೀಟರ್. ರಾಮೋಜಿ ಫಿಲ್ಮ್ ಸಿಟಿ ಇರುವುದು ಊರು ದಾಟಿ ವಿಜಯವಾಡ ಹೆದ್ದಾರಿಯಲ್ಲಿ. ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಪ್ಲಾಸ್ಟರಿನ ಒಳಗೆ ಪಾದ ಊದುತ್ತದೆ. ಕಾಲು ಅಲ್ಲಾಡದೆ ಇದ್ದಾಗ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಹೀಗಾಗಿ ಕಾಲು ಚಾಚಿ ಎತ್ತರಿಸಿ ಇಡಲು ಒಂದು ಸೀಟು ಹೆಚ್ಚಿಗೆ ಹಿಡಿಯುವುದು ಐಷಾರಾಮದ ಮಾತಲ್ಲ. ತಾಸಿಗೊಮ್ಮೆ ಗಾಡಿ ನಿಲ್ಲಿಸಬೇಕು, ಬೆರಳುಗಳನ್ನು ಮಡಿಸಿ ಬಿಡಿಸುತ್ತಿರಬೇಕು. ಬೆರಳು ನೀಲಿಗಟ್ಟಿದರೆ, ತಣ್ಣಗಾಗಿ ಮರಗಟ್ಟಿದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ಮುಂದೆ ಸಿಗುವ ಆಸ್ಪತ್ರೆಯಲ್ಲೇ ಇಳಿಯಬೇಕು. ಮೀನಖಂಡ ಹಿಂಡಿದಂತೆ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು ಬರುವುದು ಇನ್ನೂ ತುರ್ತಿನ ಸೂಚನೆ. ಪಾರ್ಕು ನೋಡಿ ಬಂದು ತೋರಿಸೋಣ ಎನ್ನುವಂಥವಲ್ಲ ಇವು.

ಸಾರಿಗೆ ಬಸ್ಸು ಹತ್ತುವುದನ್ನು ಹತ್ತಿರದಿಂದ ನೋಡಬೇಕು. ಸಿಂಧನೂರು ನಿಲ್ದಾಣದಲ್ಲಿ ಬಸ್ಸು ಬಂದು ತಿರುಗುವ ಹೊತ್ತಿಗೇ ಜನ ಬಾಗಿಲಿಗೆ ಮುಗಿಬೀಳುತ್ತಾರೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ರಾಜ್ಯದೊಳಗೆ ಧೈರ್ಯವಾಗಿ ತಿರುಗುತ್ತಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಇಂದಿಗೂ ಮೊಣಕಾಲೆತ್ತರದಲ್ಲೇ ಇದೆ. ಊರುಗೋಲು ಹಿಡಿದವರು ಎರಡೂ ಕೋಲನ್ನು ಜೊತೆಯವರ ಕೈಗೆ ಕೊಟ್ಟು, ಬಾಗಿಲ ಸರಳು ಹಿಡಿದು, ಮೊದಲು ಗಟ್ಟಿ ಕಾಲನ್ನು ಮೆಟ್ಟಿಲಿಗಿಟ್ಟು ಮೈಯನ್ನು ಎಳೆದುಕೊಳ್ಳಬೇಕು, ಪೆಟ್ಟಿನ ಕಾಲು ಹಿಂದಿನಿಂದ ಬರಬೇಕು. ಇಳಿಯುವಾಗ ಇದರ ತಿರುವುಮುರುವು: ಪೆಟ್ಟಿನ ಕಾಲು ಮೊದಲು, ಗಟ್ಟಿ ಕಾಲು ಆಮೇಲೆ. ಭೌತಚಿಕಿತ್ಸಕರು ಹೇಳಿಕೊಡುವ ಮೊದಲ ಪಾಠವೇ ಇದು. ಹೊರಡುವ ಮುನ್ನ ಮನೆಯ ಕಟ್ಟೆಯ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿಕೊಂಡರೆ ನಿಲ್ದಾಣದ ನೂಕುನುಗ್ಗಲಿನಲ್ಲಿ ತಡವರಿಸಬೇಕಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ ಕಡೆಗೆ ಹೋಗುವವರು ಅದನ್ನು ನೆನೆಯಬಹುದು, ಅಲ್ಲಿ ಎದ್ದು ಕೂತು ಕಾಲು ಚಾಚಲು ಬಸ್ಸಿಗಿಂತ ಜಾಗ ಹೆಚ್ಚು.

ಯಾರೂ ಬಾಯಿಬಿಟ್ಟು ಕೇಳದ, ಎಲ್ಲರೂ ಒಳಗೊಳಗೇ ಹೆದರುವ ವಿಷಯ ಶೌಚಾಲಯ. ಮೊಣಕಾಲು ದಾಟಿದ ಪ್ಲಾಸ್ಟರ್ ಇದ್ದರೆ ಕುಕ್ಕರಗಾಲಿನಲ್ಲಿ ಕೂರುವುದು ಸಾಧ್ಯವೇ ಇಲ್ಲ. ಕೆಳಗಿನ ಪ್ಲಾಸ್ಟರಿನಲ್ಲೂ ಒಂಟಿಕಾಲಿನ ಮೇಲೆ ಅದು ಅಪಾಯವೇ. ಹೆದ್ದಾರಿಯ ಡಾಬಾ, ಹಳೆಯ ನಿಲ್ದಾಣಗಳಲ್ಲಿ ಕಮೋಡ್ ಸಿಗುವುದು ಅಪರೂಪ. ಇದ್ದರೂ ನೆಲ ಒದ್ದೆ, ಗೋಡೆಗೆ ಹಿಡಿಕೆ ಇರುವುದಿಲ್ಲ. ಹೆಣ್ಣುಮಕ್ಕಳು ಇದಕ್ಕೇ ಅಂಜಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಇದು ಎರಡು ಕಡೆಯಿಂದ ಕೆಡಕು. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ, ರಕ್ತ ಹೆಪ್ಪುಗಟ್ಟುವ ಸಂಭವವೂ ಏರುತ್ತದೆ. ಮಡಚುವ ಕಮೋಡ್ ಕುರ್ಚಿಗಳು ಈಗ ವೈದ್ಯಕೀಯ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ, ಗಾಡಿಯ ಹಿಂದೆ ಹಾಕಿಕೊಳ್ಳಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೇನೂ ಇಲ್ಲ.

ಈಗ ಪಾರ್ಕಿನ ಒಳಗೆ. ಹೈದರಾಬಾದಿನ ಎರಡು ಪ್ರಸಿದ್ಧ ತಾಣಗಳ ಸ್ವಭಾವವೇ ಬೇರೆ ಬೇರೆ. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ 2005ರಿಂದ, ಹೈದರಾಬಾದಿನಲ್ಲಿ 2016ರಿಂದ ಇರುವ ವಂಡರ್‌ಲಾ ಮುಖ್ಯವಾಗಿ ಆಟಗಳ ಜಾಗ, ಅದರಲ್ಲಿ ನೀರಿನ ಆಟಗಳ ಪಾಲು ದೊಡ್ಡದು. 1996ರಲ್ಲಿ ಶುರುವಾದ ರಾಮೋಜಿ ಫಿಲ್ಮ್ ಸಿಟಿ ಮುಖ್ಯವಾಗಿ ನೋಡುವ ಜಾಗ. ಬಸ್ಸಿನಲ್ಲಿ ಕೂರಿಸಿಕೊಂಡು ಸಿನಿಮಾ ಸೆಟ್ಟುಗಳ ನಡುವೆ ಸುತ್ತಿಸುತ್ತಾರೆ, ನಡುನಡುವೆ ಇಳಿಸುತ್ತಾರೆ, ಕೂತು ನೋಡುವ ಪ್ರದರ್ಶನಗಳೂ ಇವೆ. ಕಾಲಿಗೆ ಪೆಟ್ಟಾದವರಿಗೆ ಎರಡನೆಯದು ಒಗ್ಗುತ್ತದೆ. ಅಲ್ಲಿಯೂ ಪ್ರತಿ ನಿಲುಗಡೆಯಲ್ಲಿ ಇಳಿದು ಹತ್ತುವ ಹಟ ಬೇಡ. ಎರಡು ಮೂರು ಸೆಟ್ಟು ಆರಿಸಿಕೊಂಡು, ಉಳಿದ ಹೊತ್ತು ಪ್ರದರ್ಶನಗಳು ನಡೆಯುವ ಕಡೆ ಕಾಲು ಚಾಚಿ ಕೂತರೆ ದಿನ ಚೆನ್ನಾಗಿಯೇ ಕಳೆಯುತ್ತದೆ. ನೀರಿನ ಆಟಗಳ ಕಡೆಗಂತೂ ಪ್ಲಾಸ್ಟರ್ ಹಾಕಿಸಿಕೊಂಡವರು ಸುಳಿಯಲೇಬಾರದು. ಬಿಳಿ ಪ್ಲಾಸ್ಟರ್ ನೆನೆದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಗಟ್ಟಿಯಾದ ಫೈಬರ್ ಪ್ಲಾಸ್ಟರಿಗೆ ನೀರಿನಿಂದ ಏನೂ ಆಗದೆಂಬ ನಂಬಿಕೆಯೂ ತಪ್ಪು, ಒಳಗಿನ ಹತ್ತಿ ನೆನೆದು ಚರ್ಮ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಇಳಿಯುವವರಿಗೆ ಒದ್ದೆ ನೆಲದ ಮೇಲೆ ಊರುಗೋಲು ಜಾರುತ್ತದೆಂಬುದೂ ನೆನಪಿರಲಿ.

ದೊಡ್ಡ ಆಟಗಳ ಬಾಗಿಲಲ್ಲಿ ಸಿಬ್ಬಂದಿ ಪ್ಲಾಸ್ಟರ್ ನೋಡಿ ತಡೆದಾಗ ಕೆಲವರಿಗೆ ಅವಮಾನವಾದಂತೆ ಅನಿಸುತ್ತದೆ. ದುಡ್ಡು ಕೊಟ್ಟಿದ್ದೇವೆ, ನಮ್ಮ ಕಾಲು, ನಮ್ಮ ಜವಾಬ್ದಾರಿ ಎಂಬ ವಾದ ಹೂಡುತ್ತಾರೆ. ತಡೆಯುವುದಕ್ಕೆ ಗಟ್ಟಿ ಕಾರಣಗಳಿವೆ. ಆಟ ತಿರುಗುವಾಗ ಮೈಭಾರ ಎರಡು ಮೂರು ಪಟ್ಟು ಹೆಚ್ಚಿದಂತೆ ಒತ್ತಡ ಬೀಳುತ್ತದೆ, ಆಗತಾನೇ ಕೂಡಿಕೊಳ್ಳುತ್ತಿರುವ ಎಲುಬಿಗೆ ಅದು ತಡೆಯದು. ಪ್ಲಾಸ್ಟರ್ ಹಾಕಿದ ಕಾಲು ಸೀಟಿನ ಮುಂದಿನ ಜಾಗದಲ್ಲಿ ಮಡಚುವುದಿಲ್ಲ. ಎಸೆತಕ್ಕೆ ಪಕ್ಕದವರಿಗೆ ಬಡಿಯಬಹುದು. ಎಲ್ಲಕ್ಕಿಂತ ದೊಡ್ಡದು, ಕರೆಂಟ್ ಹೋಗಿಯೋ ಯಂತ್ರ ಕೆಟ್ಟೋ ಆಟ ನಡುಎತ್ತರದಲ್ಲಿ ನಿಂತರೆ ಕೂತವರು ಕಂಬಿಯ ಪಕ್ಕದ ಕಿರಿದಾದ ಮೆಟ್ಟಿಲುಗಳಲ್ಲಿ ತಾವೇ ಇಳಿದು ಬರಬೇಕಾಗುತ್ತದೆ. ಒಂಟಿಕಾಲಿನವರನ್ನು ಅಲ್ಲಿಂದ ಇಳಿಸುವುದು ಅವರಿಗೂ ಹಿಂದಿನವರಿಗೂ ಗಂಡಾಂತರ. ಸಡಿಲ ಪ್ಯಾಂಟಿನ ಒಳಗೆ ಪ್ಲಾಸ್ಟರ್ ಮುಚ್ಚಿಕೊಂಡು ಹತ್ತುವುದು ಧೈರ್ಯವಲ್ಲ, ಅಪಾಯಕ್ಕೆ ಹತ್ತು ಜನರನ್ನು ಜೊತೆ ಸೇರಿಸಿಕೊಳ್ಳುವುದು.

ಸರದಿಯ ವಿಷಯದಲ್ಲಿ ಹೊರದೇಶದ ಒಂದು ಉದಾಹರಣೆ ಕೆಲಸಕ್ಕೆ ಬರುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಒಂದು ಕಾಲಕ್ಕೆ ಅಂಗವಿಕಲರಿಗೆ ಕೊಡುತ್ತಿದ್ದ ಸಹಾಯ ಪತ್ರ ದುರುಪಯೋಗವಾಗಿ 2013ರಲ್ಲಿ ಅದನ್ನು ಬದಲಿಸಿದರು. 2024ರಲ್ಲಿ ನಿಯಮ ಇನ್ನೂ ಬಿಗಿಯಾಗಿ, ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಆ ಸೌಲಭ್ಯ ಉಳಿಯಿತು. ಕಾಲು ಮುರಿದವರಿಗೆ ಅಲ್ಲಿ ಹೇಳುವುದಿಷ್ಟೇ: ಗಾಲಿಕುರ್ಚಿ ಬಾಡಿಗೆಗೆ ಪಡೆದು ಎಲ್ಲರ ಜೊತೆ ಸರದಿಯಲ್ಲಿ ಬನ್ನಿ. ಕೇಳಲು ಇದು ಕಟುವೆನಿಸಬಹುದು. ಆದರೆ ಅಲ್ಲಿನ ಬಹುಪಾಲು ಸರದಿ ಸಾಲುಗಳು ಗಾಲಿಕುರ್ಚಿ ಹಾದುಹೋಗುವಂತೆ ಕಟ್ಟಿದವು ಎಂಬುದರಿಂದಲೇ ಹಾಗೆ ಹೇಳಲು ಬರುತ್ತದೆ. ನಮ್ಮಲ್ಲಿ ಗುಡಿಯ ಸರದಿಯಿರಲಿ, ಪಾರ್ಕಿನ ಸರದಿಯಿರಲಿ, ಕಬ್ಬಿಣದ ಸರಳುಗಳ ನಡುವೆ ಒಬ್ಬರು ಅಡ್ಡಲಾಗಿ ಹಾಯುವಷ್ಟೇ ಜಾಗ, ಕೊನೆಗೆ ನಾಲ್ಕು ಮೆಟ್ಟಿಲು. ಇಲ್ಲಿ ಕಾಲು ಪೆಟ್ಟಾದವರನ್ನು ಬದಿಯ ಬಾಗಿಲಿನಿಂದ ಬಿಡಿ ಎಂದು ಕೇಳುವುದು ಸವಲತ್ತಿನ ಬೇಡಿಕೆಯಲ್ಲ, ಬೇರೆ ದಾರಿಯೇ ಇಲ್ಲದ್ದಕ್ಕೆ ಕೇಳುವ ದಾರಿ.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯವನ್ನು ದೀರ್ಘಕಾಲದ ನ್ಯೂನತೆಯೆಂದೇ ವ್ಯಾಖ್ಯಾನಿಸುತ್ತದೆ. ಹೆಚ್ಚಿನ ಸವಲತ್ತುಗಳಿಗೆ ಶೇ 40ರ ಪ್ರಮಾಣಪತ್ರ ಬೇಕು. ಎರಡು ತಿಂಗಳ ಪ್ಲಾಸ್ಟರಿನವರು ಅದರೊಳಗೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೆ ಅದೇ ಕಾಯ್ದೆ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಟ್ಟಡ ಮಾತ್ರವಲ್ಲ, ಜನ ಬಂದುಹೋಗುವ ಖಾಸಗಿ ಕಟ್ಟಡವೂ ಹೌದು ಎಂದು ಹೇಳುತ್ತದೆ, ಧಾರ್ಮಿಕ ಮತ್ತು ಮನರಂಜನೆಯ ಜಾಗಗಳನ್ನೂ ಬಸ್ ನಿಲ್ದಾಣಗಳನ್ನೂ ಹೆಸರಿಸಿ ಸೇರಿಸುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಂತಿದ್ದರೆ ಸಾಲದು, ಪಾಲಿಸಲೇಬೇಕಾದ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಅಂಥ ನಿಯಮದಂತೆ ಮೆಟ್ಟಿಲ ಪಕ್ಕ ಕಟ್ಟಿದ ಇಳಿಜಾರು ಯಾರ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಹುಟ್ಟಿನಿಂದ ಕಾಲು ಬಾರದವರೂ, ತುಂಬು ಗರ್ಭಿಣಿಯೂ, ಮೊಣಕಾಲು ಸವೆದ ಅಜ್ಜಿಯೂ, ಕಳೆದ ವಾರ ಬದುವಿನಲ್ಲಿ ಜಾರಿದವರೂ ಅದರ ಮೇಲೆ ಸಾಗುತ್ತಾರೆ.

ಆದರೆ ಅದು ಇಳಿಜಾರೇ ಆಗಿರಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಒಪ್ಪಿತ ಲೆಕ್ಕ. ನಮ್ಮ ಪಟ್ಟಣಗಳಲ್ಲಿ ಬ್ಯಾಂಕು, ಕಚೇರಿ, ಅಂಗಡಿಗಳ ಮುಂದೆ ಕಾಣುವ ಎಷ್ಟೋ ಇಳಿಜಾರುಗಳು ಬೈಕು ಹತ್ತಿಸಲು ಕಟ್ಟಿದಂತಿವೆ. ಮೂರು ಅಡಿ ಎತ್ತರಕ್ಕೆ ಆರೇಳು ಅಡಿ ಉದ್ದ, ಮೇಲೆ ನುಣುಪು ಟೈಲ್ಸ್. ಅದರ ಮೇಲೆ ಗಾಲಿಕುರ್ಚಿ ತಳ್ಳುವವರು ಸೋಲುತ್ತಾರೆ, ಊರುಗೋಲಿನವರು ಬೀಳುತ್ತಾರೆ.

ದೂರದ ಪಾರ್ಕು ಬೇಡವೆಂದವರಿಗೆ ಊರಹತ್ತಿರ ಏನಿದೆ ಎಂಬ ಮಾತೂ ಬರುತ್ತದೆ. ಈ ಸೀಮೆಯ ಮಕ್ಕಳು ಮೊದಲು ಕಂಡ ಮನರಂಜನಾ ಪಾರ್ಕು ಜಾತ್ರೆಯೇ. ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಸೋಮಲಾಪುರದಲ್ಲಿ ಅಂಬಾದೇವಿ ಜಾತ್ರೆ ಸೇರಿದಾಗ ತಿರುಗುವ ತೊಟ್ಟಿಲು, ಬೆಂಡು-ಬತ್ತಾಸು, ಬಳೆ ಅಂಗಡಿಗಳ ಸಾಲು. ರಥದ ದಿನದ ಜನಜಂಗುಳಿಯಲ್ಲಿ ಊರುಗೋಲು ಹಿಡಿದು ನಿಲ್ಲುವುದು ಬೇಡ. ಜಂಗುಳಿ ಕರಗಿದ ಮೇಲೆ ಒಂದು ಬೆಳಗ್ಗೆ ಹೋದರೆ ಅಂಗಡಿಗಳನ್ನಾದರೂ ನೆಮ್ಮದಿಯಿಂದ ನೋಡಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದ, ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ ಗುಡ್ಡದ ಬಂಡೆಯ ಮೇಲಿದೆ. ಮಲ್ಲಿಕಾರ್ಜುನನ ಗುಡಿಯೂ ಬೆಟ್ಟದ ಮೇಲೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ ಎರಡೂ ಕಲ್ಲು ಹತ್ತಿ ಇಳಿಯಬೇಕಾದವು. ಇವೆಲ್ಲ ಪ್ಲಾಸ್ಟರ್ ಬಿಚ್ಚಿದ ಮೇಲಿನ ಪಟ್ಟಿಗೆ ಸೇರಲಿ. ಈಗ ಹೋಗಬಹುದಾದದ್ದು ಹಂಪಿಯ ವಿಜಯ ವಿಠ್ಠಲ ದೇವಸ್ಥಾನ. ವಾಹನ ನಿಲುಗಡೆಯಿಂದ ಗುಡಿಯ ಬಳಿಯವರೆಗೆ ಬ್ಯಾಟರಿ ಗಾಡಿಗಳು ಓಡಾಡುತ್ತವೆ, ಅಂಗಳದೊಳಗೆ ಹೋದರೆ ಕಲ್ಲಿನ ರಥ ಕಣ್ಣೆದುರಿಗೇ ಇರುತ್ತದೆ. ಆಲಮಟ್ಟಿಯ ಸಂಗೀತ ಕಾರಂಜಿಯೂ ಕೂತು ನೋಡುವಂಥದ್ದೇ. ಜನ ಸೇರುವ ಮೊದಲೇ ಹೋಗಿ ಜಾಗ ಹಿಡಿಯಬೇಕು, ಜನ ಚದುರಿದ ಮೇಲೆ ಏಳಬೇಕು.

ಎಲ್ಲಿಗೇ ಹೊರಡಲಿ, ಮುಂಚಿನ ದಿನ ಫೋನು ಮಾಡಿ ಕೇಳಬೇಕಾದ ಮಾತುಗಳು ಕೆಲವಿವೆ. ಗಾಲಿಕುರ್ಚಿ ಸಿಗುತ್ತದೆಯೇ, ಎಷ್ಟಿವೆ, ಮುಂಗಡ ಕಾದಿರಿಸಬಹುದೇ? ಕಮೋಡ್ ಇರುವ ಶೌಚಾಲಯ ಬಾಗಿಲಿನಿಂದ ಎಷ್ಟು ದೂರ? ಊಟದ ಜಾಗಕ್ಕೆ ಮೆಟ್ಟಿಲಿದೆಯೇ? ಟಿಕೆಟಿನ ತಾರೀಖು ಬದಲಿಸಬಹುದೇ? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ, ಟಿಕೆಟ್ ವ್ಯರ್ಥವಾದೀತೆಂಬ ಸಂಕಟಕ್ಕೇ ಬಾವಿನ ಕಾಲು ಹೊತ್ತು ಹೊರಡುತ್ತಾರೆ. ಶಾಲೆಯ ಪ್ರವಾಸವಾದರೆ ಶಿಕ್ಷಕರಿಗೆ ಪೆಟ್ಟಿನ ವಿಷಯ ಪೂರ್ತಿ ತಿಳಿದಿರಬೇಕು. ಮಗುವನ್ನು ಬಸ್ಸಿನಲ್ಲೇ ಒಂಟಿಯಾಗಿ ಕೂರಿಸಿ ಉಳಿದವರು ಒಳಗೆ ಹೋಗುವುದು ಯಾವ ಕಾರಣಕ್ಕೂ ಸಲ್ಲದು. ಜೊತೆಗೆ ಗೆಳೆಯರು ಪಾಳಿಯ ಮೇಲೆ ಕೂರುವಂತೆ ಮೊದಲೇ ಮಾತಾಗಿದ್ದರೆ ಆ ಮಗುವಿನ ದಿನವೂ ಹಸನಾಗುತ್ತದೆ.

ಬೇಸಿಗೆ ರಜೆಯ ಪ್ರವಾಸಕ್ಕೆ ಇನ್ನೊಂದು ಮಾತು ಸೇರಿಸಬೇಕು. ಬೆವರಿಗೆ ಪ್ಲಾಸ್ಟರಿನೊಳಗೆ ಕೆರೆತ ಶುರುವಾದರೆ ತಾಳಲಾರದೆ ಸ್ಕೇಲು, ಪೆನ್ನು, ಕಡ್ಡಿ ತೂರಿಸುವುದು ಮನೆಮನೆಯ ರೂಢಿ. ಒಳಗೆ ಗೀರಿದ ಗಾಯ ಕಾಣುವುದಿಲ್ಲ, ಕೀವಾಗಿ ವಾಸನೆ ಬಂದ ಮೇಲೇ ಗೊತ್ತಾಗುತ್ತದೆ. ಹೊರಗಿನಿಂದ ಮೆಲ್ಲಗೆ ತಟ್ಟಬಹುದು, ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಬಹುದು.

ಪ್ಲಾಸ್ಟರ್ ಬಿಚ್ಚಿದ ದಿನವೇ ತೊಟ್ಟಿಲು ಹತ್ತುವ ಆಸೆಯೂ ಸಹಜ. ಆದರೆ ಆರು ವಾರ ಕೆಲಸವಿಲ್ಲದೆ ಇದ್ದ ಮೀನಖಂಡ ಸೊರಗಿರುತ್ತದೆ, ಗಿಣ್ಣು ಬಿಗಿದಿರುತ್ತದೆ, ಮೊದಲ ದಿನಗಳಲ್ಲಿ ಸಂಜೆಯ ಹೊತ್ತಿಗೆ ಪಾದ ಊದುತ್ತದೆ. ಕುಂಟದೆ ನಡೆಯುವುದು, ಮೆಟ್ಟಿಲು ಹಿಡಿಕೆಯಿಲ್ಲದೆ ಇಳಿಯುವುದು, ಪೆಟ್ಟಾಗಿದ್ದ ಕಾಲೊಂದರ ಮೇಲೇ ಅಲುಗದೆ ನಿಲ್ಲುವುದು, ಈ ಮೂರೂ ಬಂದ ಮೇಲೆ ವೈದ್ಯರನ್ನು ಇನ್ನೊಮ್ಮೆ ಕೇಳಿ ದೊಡ್ಡ ಆಟಗಳ ಕಡೆ ಹೋಗಬಹುದು.